ಹುಣಸೆ ಹಚ್ಚಿ ಬೆಳಗಿದ ಕೊಡ

"ಅಜ್ಜಾರೇ, ಯಾರಿಗೂ ಬೇಡವಾದವನನ್ನು ದೇವರಾದರೂ ಇಟ್ಟುಕೊಳ್ಳುತ್ತಾನೆಯೇ?"

ಶಿವಪುತ್ರ ಇದನ್ನು ಕೇಳಿದ್ದು ಮಠದ ಬಾವಿಕಟ್ಟೆಯ ಮೇಲೆ ಕೂತು. ಬೆಳಿಗ್ಗೆ ಅಡುಗೆಮನೆಯ ಕೊಡ ಹಗ್ಗದ ಕುಣಿಕೆ ಜಾರಿ ಬಾವಿಗೆ ಬಿದ್ದಿತ್ತು. ಅದನ್ನು ತೆಗೆಯಲು ಅವನು ಪಾತಾಳಗರಡಿ ಇಳಿಬಿಟ್ಟಿದ್ದ. ಕಬ್ಬಿಣದ ಬಳೆಯೊಂದಕ್ಕೆ ಹತ್ತು ಹನ್ನೆರಡು ಕೊಕ್ಕೆ ಜೋಡಿಸಿದರೆ ಅದೇ ಪಾತಾಳಗರಡಿ. ಹಗ್ಗ ಕಟ್ಟಿ ಬಾವಿಯ ತಳದಲ್ಲಿ ಆಡಿಸಿದರೆ ಬಿದ್ದ ವಸ್ತು ಯಾವುದಾದರೊಂದು ಕೊಕ್ಕೆಗೆ ಸಿಗುತ್ತದೆ. ಮಠದ ಗುರುಗಳನ್ನು ಸುತ್ತಲಿನ ಊರವರೆಲ್ಲ ಅಜ್ಜಾರು ಎಂದೇ ಕರೆಯುತ್ತಿದ್ದರು. ಅವರು ಪಕ್ಕದ ಬೇವಿನ ನೆರಳಿನಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

ಶಿವಪುತ್ರ ಮಠಕ್ಕೆ ಬಂದು ಎಂಟು ತಿಂಗಳಾಗಿತ್ತು. ಅವನು ದುಡಿಯುತ್ತಿದ್ದ ಹತ್ತಿ ಗಿರಣಿ ಮುಚ್ಚಿದ ಮೇಲೆ ಎರಡು ವರ್ಷ ಕೆಲಸ ಹುಡುಕಿದ್ದ. ಅವನು ತಟ್ಟದ ಬಾಗಿಲಿರಲಿಲ್ಲ. ಕೊನೆಗೆ ತನಗೆ ಏನೇನು ಕೆಲಸ ಬರುತ್ತದೆ ಎಂದು ರಟ್ಟಿನ ಮೇಲೆ ಬರೆದು, ಅದನ್ನು ಕೊರಳಿಗೆ ಕಟ್ಟಿಕೊಂಡು ಮೂರು ದಿನ ಬಸ್ ನಿಲ್ದಾಣದಲ್ಲಿ ನಿಂತ. ಜನ ಓದಿದರು, ನಕ್ಕರು, ಬಸ್ಸು ಹತ್ತಿದರು. ತಂದೆತಾಯಿ ಇಲ್ಲದ ಅವನನ್ನು ಸಾಕಿದವಳು ಅಕ್ಕ. ಕೆಲಸ ಸಿಕ್ಕ ಮೇಲೆಯೇ ನಿನಗೆ ಮುಖ ತೋರಿಸುತ್ತೇನೆ ಎಂದು ಅವಳಿಗೆ ಹೇಳಿ ಮನೆ ಬಿಟ್ಟ. ಅಲ್ಲಿ ಇಲ್ಲಿ ಅಲೆದು ಮಠದ ಬಾಗಿಲಿಗೆ ಬಂದ.

ಅಕ್ಕ ಹೇಗೋ ಅವನಿರುವ ಜಾಗ ಪತ್ತೆ ಮಾಡಿದ್ದಳು. ಅವಳಿಂದ ಮೂರು ಕಾಗದ ಬಂದಿದ್ದವು. ಅಂಚೆಯವನು ಅಜ್ಜಾರ ಕೈಗೆ ಕೊಟ್ಟ. ಅಜ್ಜಾರು ಶಿವಪುತ್ರನ ಕೈಗೆ ಕೊಟ್ಟರು. ಅವನು ಒಂದನ್ನೂ ಒಡೆಯಲಿಲ್ಲ. ಒಳಗೆ ಏನಿದೆ ಎಂದು ಗೊತ್ತಿದೆಯಲ್ಲ, ಕೆಲಸ ಸಿಕ್ಕಿತೇ ಎಂದು ಕೇಳಿರುತ್ತಾಳೆ, ಇಲ್ಲ ಎಂದು ಎಷ್ಟು ಸಲ ಹೇಳಲಿ ಎಂದುಕೊಂಡು ಮೂರನ್ನೂ ಚಾಪೆಯ ಕೆಳಗೆ ಸೇರಿಸಿ ಅದರ ಮೇಲೆಯೇ ಮಲಗುತ್ತಿದ್ದ. ಈಗ ದೀಕ್ಷೆ ಕೊಡಿ ಎಂದು ಹಟ ಹಿಡಿದಿದ್ದ. ದೀಕ್ಷೆಯಾದರೆ ಮನೆಯ ನಂಟು ಕಡಿದುಹೋಗುತ್ತದೆ, ಇನ್ನು ಯಾರೂ ಏನೂ ಕೇಳುವುದಿಲ್ಲ ಎಂಬುದು ಅವನ ಲೆಕ್ಕ.

ಅಜ್ಜಾರು ಬಾವಿಯ ಕಡೆ ಕೈ ತೋರಿಸಿದರು. ಗರಡಿಯನ್ನು ತಳಕ್ಕೆ ಮುಟ್ಟಿಸೋ, ನೀರಿನ ನಡುವೆ ತೂಗಾಡಿಸಿದರೆ ಏನು ಸಿಗುತ್ತದೆ ಎಂದು ಗದರಿದರು. ಆಮೇಲೆ ತಲೆ ಎತ್ತದೆ ಕತೆ ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಕಾಳು ಅಳೆಯುವವನಿದ್ದ. ಕತೆಯವನಿಗೆ ಹೆಸರು ಯಾಕೆ ಎನ್ನಬೇಡ, ಈ ಕತೆಗೆ ಹೆಸರು ಬೇಕು. ಅಡಿವೆಪ್ಪ ಎಂದು ಇಟ್ಟುಕೊ. ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿ ಅವನು ಹದಿನೆಂಟು ವರ್ಷ ಕೊಳಗ ಹಿಡಿದಿದ್ದ. ಅಳೆಯುವವರು ಮೊದಲನೆಯ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಅಡಿವೆಪ್ಪ ಇಲ್ಲಿ ಲಾಭ ಎಂದರೆ ಪೇಟೆಯ ಆ ತುದಿಗೆ ಕೇಳುತ್ತಿತ್ತು. ರೈತರು ಅವನ ಕೈಯಿಂದಲೇ ಅಳೆಸಬೇಕೆಂದು ಬಂಡಿ ನಿಲ್ಲಿಸಿಕೊಂಡು ಕಾಯುತ್ತಿದ್ದರು.

ಆಮೇಲೆ ಪೇಟೆಗೆ ತೂಕದ ಯಂತ್ರ ಬಂತು. ಯಂತ್ರಕ್ಕೆ ದನಿ ಬೇಕಿಲ್ಲ. ವ್ಯಾಪಾರಿ ಅಡಿವೆಪ್ಪನನ್ನು ಕರೆದು, ಅವನು ಹಿಡಿಯುತ್ತಿದ್ದ ಕೊಳಗವನ್ನು ಅವನಿಗೇ ಕೊಟ್ಟು, ಕೈಮುಗಿದು ಕಳಿಸಿದ. ಬೈದು ಕಳಿಸಿದ್ದರೆ ತಿರುಗಿ ಒಂದು ಮಾತು ಅನ್ನಬಹುದಿತ್ತು. ಕೈಮುಗಿದವನಿಗೆ ಏನನ್ನುವುದು? ಅವನು ಕೊಳಗವನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದ.

ಮನೆಯಲ್ಲಿ ಹೆಂಡತಿ ನೀಲವ್ವ ಇದ್ದಳು. ಮಕ್ಕಳಿರಲಿಲ್ಲ. ಆರು ತಿಂಗಳು ಹೇಗೋ ತಳ್ಳಿದರು. ಗಡಿಗೆಗಳೆಲ್ಲ ಬರಿದಾದ ಮೇಲೆ ನೀಲವ್ವನ ಅಣ್ಣ ಬಂದ. ಸ್ವಲ್ಪ ದಿನ ತಂಗಿ ನಮ್ಮಲ್ಲಿ ಇರಲಿ, ನೀನೂ ಬಂದುಬಿಡು ಭಾವ ಎಂದು ಕರೆದ. ಒಳ್ಳೆಯ ಮನಸ್ಸಿನಿಂದಲೇ ಕರೆದ. ಅಡಿವೆಪ್ಪನಿಗೆ ಮಾತ್ರ ಕೆನ್ನೆಗೆ ಹೊಡೆದಂತಾಯಿತು. ಕೆಲಸ ಸಿಕ್ಕ ದಿನ ನಾನೇ ಬಂದು ಇವಳನ್ನು ಕರೆದುಕೊಂಡು ಬರುತ್ತೇನೆ, ಅಲ್ಲಿಯ ತನಕ ನಿಮ್ಮ ಹೊಸ್ತಿಲು ತುಳಿಯುವುದಿಲ್ಲ ಎಂದುಬಿಟ್ಟ. ನೀಲವ್ವ ಒಂದು ದಿನವೂ ಕೆಲಸದ ಮಾತು ಎತ್ತಿ ಅವನನ್ನು ಚುಚ್ಚಿದವಳಲ್ಲ. ಅವಳು ಒಳಗೆ ಹೋಗಿ, ಮದುವೆಯಲ್ಲಿ ಕೊಟ್ಟ ತಾಮ್ರದ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು ಅಣ್ಣನ ಹಿಂದೆ ಹೊರಟಳು. ಆ ಕೊಡದ ಕಂಠದ ಸುತ್ತ ಗಂಡಹೆಂಡಿರ ಹೆಸರು ಕೊರೆದಿತ್ತು. ಆ ಕಡೆ ಎಲ್ಲ ಮನೆಗಳಲ್ಲೂ ಹಾಗೆಯೇ, ಪಾತ್ರೆ ಕೊಂಡರೆ ಮೊದಲು ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸುತ್ತಾರೆ.

ಅಡಿವೆಪ್ಪ ಕೆಲಸ ಹುಡುಕಿದ. ನೀನು ಹುಡುಕಿದ ಹಾಗೆಯೇ ಹುಡುಕಿದ. ಎಲ್ಲರೂ ಸುಗ್ಗಿ ಮುಗಿಯಲಿ ಎಂದರು. ಸುಗ್ಗಿ ಮುಗಿದ ಮೇಲೆ, ಮುಂದಿನ ಸುಗ್ಗಿ ಬರಲಿ ಎಂದರು. ಕೆಲಸ ಕೇಳಲು ಬಂದವನನ್ನು ಯಾರೂ ಒಳಗೆ ಕರೆಯುವುದಿಲ್ಲ. ಹೊಸ್ತಿಲಲ್ಲೇ ನಿಲ್ಲಿಸಿ, ಒಂದು ಕೈಯನ್ನು ಬಾಗಿಲ ಮೇಲೆ ಇಟ್ಟುಕೊಂಡೇ ಮಾತಾಡುತ್ತಾರೆ.

ಆಗ ಅವನಿಗೆ ಒಂದು ಯೋಚನೆ ಹೊಳೆಯಿತು. ಪೇಟೆಯ ಬಾಯಿಗೆ ಒಂದು ರಾಶಿ ಮರಳು ತಂದು ಸುರಿದ. ಕೊಳಗ ಹಿಡಿದು ಕೂತು, ಆ ಮರಳನ್ನು ಬೆಳಗಿನಿಂದ ಸಂಜೆಯ ತನಕ ಅಳೆದ. ಲಾಭ, ಎರಡು, ಮೂರು. ಅಳೆದು ಮುಗಿದರೆ ಮತ್ತೆ ರಾಶಿ ಮಾಡಿ ಮತ್ತೆ ಲಾಭ. ತನ್ನ ಕೈ ಎಷ್ಟು ಚುರುಕು, ದನಿ ಎಷ್ಟು ಖಡಕ್ಕು ಎಂದು ವ್ಯಾಪಾರಿಗಳು ನೋಡಲಿ ಎಂಬುದು ಅವನ ಉಪಾಯ. ನೋಡಿದರು. ಪಾಪ, ಅಡಿವೆಪ್ಪನಿಗೆ ತಲೆ ಕೆಟ್ಟಿದೆ ಎಂದರು. ನಗಬೇಡ, ಕೊರಳಿಗೆ ರಟ್ಟು ಕಟ್ಟಿಕೊಂಡು ನಿಂತವನು ನೀನು. ಐದನೆಯ ದಿನ ಯಾರೋ ಅವನ ಎದುರಿಗೆ ಎಲೆ ಹಾಸಿ, ಊಟ ಇಟ್ಟು ಹೋದರು. ಅಂದು ಅವನು ಮರಳನ್ನು ಅಲ್ಲೇ ಬಿಟ್ಟು ಮನೆಗೆ ಬಂದ. ಆಮೇಲೆ ಬಹಳ ದಿನ ಅವನ ಬಾಯಿಂದ ಮಾತು ಹೊರಡಲಿಲ್ಲ. ಮಾತಾಡಲು ಮನೆಯಲ್ಲಿ ಯಾರಿದ್ದರು? ಪೇಟೆಯನ್ನೆಲ್ಲ ತುಂಬುತ್ತಿದ್ದ ದನಿ ಗಂಟಲಲ್ಲೇ ಕೂತಿತು.

ಆ ಮನೆಯಲ್ಲಿ ಒಂದು ಪಾತಾಳಗರಡಿ ಇತ್ತು, ಅವನ ತಾಯಿಯ ಕಾಲದ್ದು. ಯಾರ ಕೊಡ ಬಾವಿಗೆ ಬಿದ್ದರೂ ಓಣಿಯವರು ಬಂದು ಗರಡಿ ಒಯ್ಯುತ್ತಿದ್ದರು. ಸುಮ್ಮನೆ ಒಯ್ಯುವಂತಿರಲಿಲ್ಲ. ಮನೆಯಿಂದ ಒಂದು ತಂಬಿಗೆಯನ್ನೋ ತಟ್ಟೆಯನ್ನೋ ತಂದು ಒತ್ತೆ ಇಟ್ಟು ಒಯ್ಯಬೇಕು, ಗರಡಿ ತಿರುಗಿ ತಂದಾಗ ಒತ್ತೆ ಬಿಡಿಸಿಕೊಳ್ಳಬೇಕು. ಒಂದು ದಿನ ಪಕ್ಕದ ಮನೆಯವಳು ಕೊಡ ಬೀಳಿಸಿಕೊಂಡು ಬಂದಳು. ಅವಳ ಕೈಗೆ ಪೆಟ್ಟು ಬಿದ್ದು ನೋವಿತ್ತು. ನಾನೇ ಬರುತ್ತೇನೆ ನಡಿಯವ್ವ ಎಂದು ಅಡಿವೆಪ್ಪ ಹೋದ. ಎರಡು ಸಲ ಗರಡಿ ಆಡಿಸಿದ, ಒಂದು ಕೊಡ ಬಂತು. ಅದು ಅವಳದ್ದಲ್ಲ. ಪಾಚಿ ಕೆರೆದು ನೋಡಿದರೆ ಮೇಲಿನ ಓಣಿಯ ದೊಡ್ಡ ರೈತನ ಮನೆಯ ಹೆಸರು ಇತ್ತು. ಅವಳ ಕೊಡವನ್ನೂ ತೆಗೆದುಕೊಟ್ಟು, ಈ ಕೊಡ ಹಿಡಿದುಕೊಂಡು ಆ ರೈತನ ಮನೆಗೆ ಹೋದ.

ಅದೇ ಬಾಗಿಲಲ್ಲಿ ಅವನು ಕೆಲಸ ಕೇಳಿಕೊಂಡು ಮೂರು ಸಲ ನಿಂತಿದ್ದ. ಮೂರು ಸಲವೂ ನಿಂತೇ ತಿರುಗಿ ಬಂದಿದ್ದ. ಈ ಸಲ ಆ ಮನೆಯ ಯಜಮಾನಿ ಕೊಡದ ಮೇಲಿನ ಹೆಸರು ನೋಡಿದ್ದೇ ತಡ, ಬಾಗಿಲನ್ನು ಪೂರ್ತಿ ತೆರೆದಳು. ಏಳು ವರ್ಷದ ಹಿಂದೆ ಬಿದ್ದದ್ದು, ಎಷ್ಟು ಹುಡುಕಿಸಿದೆವು ಗೊತ್ತೇ ಎಂದಳು. ಒಳಗೆ ಕರೆದು, ಮಣೆ ಹಾಕಿ ಕೂರಿಸಿ, ಮಜ್ಜಿಗೆ ಕೊಟ್ಟಳು. ಒಂದು ಮನೆಯ ಒಳಗೆ ಮಣೆಯ ಮೇಲೆ ಕೂತು ಅಡಿವೆಪ್ಪನಿಗೆ ವರ್ಷವಾಗಿತ್ತು. ಮಜ್ಜಿಗೆ ಕುಡಿಯುವಾಗ ಅವನ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ಖಾರ ಎಂದು ಹೇಳಿ ಒರೆಸಿಕೊಂಡ.

ಕೆಲಸ ಕೇಳಲು ಹೋದವನಿಗೆ ಮುಚ್ಚುವ ಬಾಗಿಲು, ಕಳೆದುಹೋದದ್ದನ್ನು ತಂದವನಿಗೆ ತೆರೆಯುತ್ತದೆ. ಇದು ಅವನಿಗೆ ತಿಳಿಯಿತು. ಮರುದಿನವೇ ಗರಡಿ, ಹಗ್ಗ ಹೆಗಲಿಗೆ ಹಾಕಿಕೊಂಡು ಊರೂರು ಹೊರಟ. ಯಾವ ಊರಿಗೆ ಹೋದರೂ ಮೊದಲು ಬಾವಿ. ತಳ ಜಾಲಾಡಿಸುವುದು, ಬಂದದ್ದನ್ನು ತಿಕ್ಕಿ ಹೆಸರು ಓದುವುದು, ಆ ಮನೆ ಹುಡುಕಿಕೊಂಡು ಹೋಗಿ ಕೊಡುವುದು. ಒಳಗೆ ಕೂತ ಮೇಲೆ, ನಿಮ್ಮಲ್ಲಿ ಅಥವಾ ನಿಮ್ಮವರಲ್ಲಿ ಏನಾದರೂ ಕೆಲಸ ಇದೆಯೇ ಎಂದು ಮೆಲ್ಲಗೆ ಕೇಳುವುದು. ಬಾವಿಯಿಂದ ಏನೇ ಮೇಲೆ ಬಂದರೂ ಅವನ ಬಾಯಿಂದ ಮೊದಲು ಹೊರಡುತ್ತಿದ್ದ ಮಾತು ಲಾಭ. ಹದಿನೆಂಟು ವರ್ಷದ ರೂಢಿ ಎಲ್ಲಿ ಹೋಗುತ್ತದೆ? ಅಷ್ಟರ ಮಟ್ಟಿಗೆ ಅವನ ದನಿ ತಿರುಗಿ ಬಂತು.

ಒಂದು ಮನೆಯಲ್ಲಿ ಅತ್ತೆ ಸೊಸೆಯ ನಡುವೆ ಹನ್ನೆರಡು ವರ್ಷದಿಂದ ಮಾತಿರಲಿಲ್ಲ. ಸೊಸೆ ಒಂದು ಚರಿಗೆಯನ್ನು ಕದ್ದು ತವರಿಗೆ ಸಾಗಿಸಿದಳು ಎಂದು ಅತ್ತೆಯ ದೂರು. ಅಡಿವೆಪ್ಪ ಆ ಚರಿಗೆಯನ್ನು ಹಿತ್ತಲಿನ ಬಾವಿಯಿಂದಲೇ ತೆಗೆದುಕೊಟ್ಟ. ಅತ್ತೆ ಚರಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಒರೆಸಿದಳು. ಆಮೇಲೆ ಸೊಸೆಯನ್ನು ಹೆಸರು ಹಿಡಿದು ಕರೆದಳು. ಅಲ್ಲಿ ಅಡಿವೆಪ್ಪ ಕೆಲಸದ ಮಾತು ಎತ್ತುವುದನ್ನೇ ಮರೆತ. ಇನ್ನೊಂದು ಊರಿನಲ್ಲಿ, ಕದ್ದವನು ನೀನೇ ಇರಬೇಕು, ಈಗ ಇನಾಮಿನ ಆಸೆಗೆ ತಂದಿದ್ದೀಯಾ ಎಂದು ಒಬ್ಬ ರೈತ ಬಾರುಕೋಲು ಎತ್ತಿಕೊಂಡು ಬಂದ. ಇಂಥದ್ದೂ ಇತ್ತು.

ಆದರೆ ಕೆಲಸದ ಮಾತು ಬಂದೊಡನೆ ಎಲ್ಲ ಮನೆಗಳಲ್ಲೂ ಒಂದೇ ನಡೆಯುತ್ತಿತ್ತು. ನಗುತ್ತಿದ್ದ ಮುಖ ಗಂಟಾಗುತ್ತಿತ್ತು. ಓಹೋ, ಇದಕ್ಕೆ ಬಂದವನೇ ನೀನು ಎಂಬಂತೆ ನೋಡುತ್ತಿದ್ದರು. ಮಜ್ಜಿಗೆಯ ಲೋಟ ಬೇಗ ಒಳಗೆ ಹೋಗುತ್ತಿತ್ತು. ಬರಬರುತ್ತ ಅಡಿವೆಪ್ಪ ಕೇಳುವುದನ್ನೇ ಬಿಟ್ಟ. ಹೇಗೂ ಸಿಗದ ಕೆಲಸವನ್ನು ಕೇಳಿ, ಸಿಕ್ಕಿದ ಎರಡು ಗಳಿಗೆಯ ನಗುಮುಖವನ್ನು ಯಾಕೆ ಕಳೆದುಕೊಳ್ಳಲಿ ಎಂದುಕೊಂಡ. ಪಾತ್ರೆ ಕೊಡುತ್ತಿದ್ದ, ಕೊಟ್ಟದ್ದು ಉಣ್ಣುತ್ತಿದ್ದ, ಮುಂದಿನ ಊರಿಗೆ ಹೋಗುತ್ತಿದ್ದ. ಒಂದು ಊರಿಗೆ ಮಾತ್ರ ಹೋಗುತ್ತಿರಲಿಲ್ಲ, ಹೆಂಡತಿಯ ತವರಿಗೆ. ಅದರ ಹತ್ತಿರ ಬಂದಾಗಲೆಲ್ಲ ಹೊಲದ ಹಾದಿ ಹಿಡಿದು ಸುತ್ತಿ ಹೋಗುತ್ತಿದ್ದ. ಆ ದಿನಗಳಲ್ಲಿ ಅವನಿಗೆ ಊಟ ಸೇರುತ್ತಿರಲಿಲ್ಲ.

ಒಂದು ಸಲ ಏನಾಯಿತು, ಒಂದು ಊರಿನ ಬಾವಿಯಲ್ಲಿ ಒಳ್ಳೆಯ ಹಿತ್ತಾಳೆಯ ತಂಬಿಗೆ ಸಿಕ್ಕಿತು. ಮೇಲೆ ಒಬ್ಬ ಗಂಡಸಿನ ಹೆಸರು. ಮನೆ ಕೇಳಿಕೊಂಡು ಹೋದ. ನಡುವಯಸ್ಸಿನ ಹೆಂಗಸೊಬ್ಬಳು ಬಾಗಿಲಿಗೆ ಬಂದಳು. ತಂಬಿಗೆ ನೋಡಿದಳು, ಕೈ ಚಾಚಲಿಲ್ಲ.

"ಇದು ಬಿದ್ದದ್ದಲ್ಲಪ್ಪ, ನಾನೇ ಎಸೆದದ್ದು. ಈ ಹೆಸರು ನನ್ನ ಕಣ್ಣಿಗೆ ಬೀಳಬಾರದು ಎಂದು ಎಸೆದೆ. ಹುಡುಕಿ ಕೊಡು ಎಂದು ನಿನಗೆ ಯಾರು ಹೇಳಿದರು?"

ಬಾಗಿಲು ಮುಚ್ಚಿತು. ಅಡಿವೆಪ್ಪ ತಂಬಿಗೆ ಹಿಡಿದುಕೊಂಡು ಬೀದಿಯಲ್ಲಿ ನಿಂತ. ಎಷ್ಟೋ ಪಾತ್ರೆ ತೆಗೆದಿದ್ದ. ಬಾವಿಯಲ್ಲಿ ಇರುವುದೆಲ್ಲ ಕೈಜಾರಿ ಬಿದ್ದದ್ದು ಎಂದೇ ತಿಳಿದಿದ್ದ. ಬೇಡ ಎಂದು ಎಸೆಯುವವರೂ ಇದ್ದಾರೆ ಎಂಬುದು ಅವನಿಗೆ ಹೊಸದು. ಆ ತಂಬಿಗೆಯನ್ನು ಅದೇ ಬಾವಿಗೆ ಬಿಟ್ಟು ಬಂದ. ಅಂದಿನಿಂದ ಏನು ಮೇಲೆ ಬಂದರೂ ಮೊದಲು ಕಂಠ ನೋಡುತ್ತಿದ್ದ. ಕೈಜಾರಿ ಬಿದ್ದ ಕೊಡದ ಕಂಠಕ್ಕೆ ಹಗ್ಗದ ತುಂಡು ಸುತ್ತಿಕೊಂಡಿರುತ್ತದೆ, ಇಲ್ಲವೇ ಕುಣಿಕೆ ಜಾರಿದ ಗೀರು ಇರುತ್ತದೆ. ಎಸೆದ ಕೊಡಕ್ಕೆ ಎರಡೂ ಇರುವುದಿಲ್ಲ. ಎಸೆದದ್ದನ್ನು ಮುಟ್ಟಬಾರದು, ಕಂಡರೆ ತಿರುಗಿ ಬಿಡಬೇಕು ಎಂದು ತನಗೆ ತಾನೇ ಒಂದು ನೇಮ ಮಾಡಿಕೊಂಡ. ಬುದ್ಧಿವಂತ. ಒಂದು ಮನೆಯಲ್ಲಿ ಕಲಿತ ಪಾಠವನ್ನು ಎಲ್ಲ ಮನೆಗೂ ಹೊತ್ತುಕೊಂಡು ಹೋಗುವಷ್ಟು ಬುದ್ಧಿವಂತ.

ಇತ್ತ ನೀಲವ್ವನ ತವರಿಗೆ ಬಳೆ ಮಾರುವ ಮುದುಕಿ ಬಂದಳು. ಕೈಗೆ ಬಳೆ ಏರಿಸುತ್ತ ಊರೂರಿನ ಸುದ್ದಿ ಹೇಳುವುದು ಅವಳ ಪದ್ಧತಿ. ಒಬ್ಬ ಗರಡಿಯವನಿದ್ದಾನೆ, ಬಾವಿಯಲ್ಲಿ ಬಿದ್ದದ್ದನ್ನು ತೆಗೆದು, ಮೇಲಿನ ಹೆಸರು ಓದಿ, ಮನೆ ಬಾಗಿಲಿಗೆ ತಂದುಕೊಡುತ್ತಾನೆ, ಕೇಳುವುದು ಏನೂ ಇಲ್ಲ, ಏನೇ ಮೇಲೆ ಬಂದರೂ ಲಾಭ ಎನ್ನುತ್ತಾನೆ, ವಿಚಿತ್ರ ಮನುಷ್ಯ ಎಂದಳು. ನೀಲವ್ವ ತಟ್ಟನೆ ಕೈ ಎಳೆದುಕೊಂಡಳು, ಒಂದು ಬಳೆ ಒಡೆಯಿತು. ಗಂಡನ ಮುಖ ಕಂಡು ವರ್ಷದ ಮೇಲಾಗಿತ್ತು. ಬದುಕಿದ್ದಾನೋ ಇಲ್ಲವೋ ಎಂಬ ಸುದ್ದಿ ಕೂಡ ಅವಳಿಗೆ ಇರಲಿಲ್ಲ.

ಅವಳು ಎರಡು ದಿನ ಯೋಚಿಸಿದಳು. ಬಾ ಎಂದು ಹೇಳಿ ಕಳಿಸಿದರೆ ಬರುವವನಲ್ಲ. ಆಡಿದ ಮಾತು ಅವನ ಕಾಲಿಗೆ ಕಟ್ಟಿಕೊಂಡಿದೆ. ತಾನೇ ಹೋದರೆ, ಕೆಲಸವಿಲ್ಲದೆ ಬೀದಿ ಅಲೆಯುವುದನ್ನು ಹೆಂಡತಿ ಕಂಡಳು ಎಂದು ಇನ್ನೂ ದೂರ ಓಡುತ್ತಾನೆ. ಆದರೆ ಒಂದು ಕೊಡಕ್ಕಾಗಿ ಅವನು ಯಾರ ಬಾಗಿಲಿಗಾದರೂ ಹೋಗುತ್ತಾನಂತೆ. ಹಾಗಾದರೆ ಆಗಲಿ ಎಂದು ಮದುವೆಯ ತಾಮ್ರದ ಕೊಡವನ್ನು ಹೊರಗೆ ತಂದಳು. ಹಿತ್ತಲಲ್ಲಿ ಕೂತು ಹುಣಸೆಹಣ್ಣು, ಬೂದಿ ಹಚ್ಚಿ ಬೆಳಗಿದಳು. ಕಂಠದ ಸುತ್ತಲಿನ ಹೆಸರುಗಳನ್ನು ಇನ್ನೊಂದು ಸಲ ತಿಕ್ಕಿದಳು, ಕತ್ತಲ ಬಾವಿಯಿಂದ ಬಂದರೂ ಓದಲು ಬರಬೇಕು. ಮಧ್ಯಾಹ್ನ ಬಾವಿಯ ಹತ್ತಿರ ಯಾರೂ ಇಲ್ಲದ ಹೊತ್ತು ನೋಡಿ ಹೋಗಿ, ಕೊಡವನ್ನು ಎರಡೂ ಕೈಯಿಂದ ಬಾವಿಗೆ ಬಿಟ್ಟಳು. ಪಕ್ಕದ ಊರಲ್ಲಿ ಇಳಿದುಕೊಂಡಿದ್ದ ಬಳೆಯ ಮುದುಕಿಗೆ ಹೇಳಿ ಕಳಿಸಿದಳು:

"ಆ ಗರಡಿಯವನು ಸಿಕ್ಕರೆ, ಈ ಊರಿನ ಬಾವಿಯಲ್ಲಿ ಒಂದು ಕೊಡ ಇದೆ ಎಂದು ಹೇಳು. ಯಾರದ್ದು ಎಂದು ಹೇಳಬೇಡ."

ಮುದುಕಿ ಹೇಳಿದಳು. ಅಡಿವೆಪ್ಪ ಊರಿನ ಹೆಸರು ಕೇಳಿದ. ನಾನು ತುಳಿಯುವುದಿಲ್ಲ ಎಂದದ್ದು ಹೊಸ್ತಿಲನ್ನು, ಬಾವಿಕಟ್ಟೆಯನ್ನಲ್ಲ ಎಂದು ಮನಸ್ಸಿಗೆ ಒಂದು ನೆಪ ಹೇಳಿಕೊಂಡ. ನೀರಿಗೆ ಬಂದಾಗ ದೂರದಿಂದ ಅವಳನ್ನು ಕಂಡರೂ ಕಂಡೇನು ಎಂದುಕೊಂಡ. ಮೂರನೆಯ ದಿನ ಮಧ್ಯಾಹ್ನ ತಲೆಗೆ ಸುತ್ತಿದ ವಸ್ತ್ರವನ್ನು ಮುಖಕ್ಕೆ ಎಳೆದುಕೊಂಡು ಆ ಬಾವಿಗೆ ಬಂದ. ನೀರು ಸೇದುತ್ತಿದ್ದ ಇಬ್ಬರು ಹೆಂಗಸರು ಸರಿದು ಜಾಗ ಕೊಟ್ಟರು. ಒಂದೇ ಸಲಕ್ಕೆ ಕೊಕ್ಕೆಗೆ ಕೊಡ ಸಿಕ್ಕಿತು. ನೀರಿನಿಂದ ಮೇಲೆ ಬರುತ್ತಲೇ ರೂಢಿಯ ಹಾಗೆ, ಗಟ್ಟಿಯಾಗಿ, ಲಾಭ ಎಂದ.

ಆ ದನಿ ನೀಲವ್ವನಿಗೆ ಕೇಳಿತು. ಅವಳು ಮೂರು ದಿನದಿಂದ ಬಾಗಿಲು ತೆರೆದಿಟ್ಟಿದ್ದಳು. ದಿನವೂ ಅವನಿಗೆಂದು ಒಂದು ರೊಟ್ಟಿ ಹೆಚ್ಚು ತಟ್ಟುತ್ತಿದ್ದಳು. ಎದ್ದು ಮಣೆ ಹಾಕಿದಳು, ಚರಿಗೆಯಲ್ಲಿ ಕಾಲಿಗೆ ನೀರು ಇಟ್ಟಳು, ಬಾಗಿಲ ಹಿಂದೆ ನಿಂತು ಹೆಜ್ಜೆಯ ಸದ್ದಿಗೆ ಕಿವಿಗೊಟ್ಟಳು. ಬಾವಿಗೂ ಮನೆಗೂ ನಡುವೆ ಎಂಟು ಮನೆ.

ಅಡಿವೆಪ್ಪ ಕೊಡ ತಿರುಗಿಸಿ ಹೆಸರು ಓದಿದ. ನೀಲವ್ವ. ಪಕ್ಕದಲ್ಲಿ ತನ್ನ ಹೆಸರು. ಕಂಠ ನೋಡಿದ. ಹಗ್ಗದ ತುಂಡಿಲ್ಲ, ಕುಣಿಕೆ ಜಾರಿದ ಗೀರಿಲ್ಲ. ಅವನಿಗೆ ಅನುಮಾನವೇ ಬರಲಿಲ್ಲ, ಇದು ಬಿದ್ದದ್ದಲ್ಲ, ಎಸೆದದ್ದು. ಕೊಡ ಬಿಸಿಲಿಗೆ ಹೊಳೆಯುತ್ತಿತ್ತು, ಅವನು ಅದನ್ನೂ ನೋಡಿದ. ನೋಡಿ, ಎಷ್ಟು ಹೊಸದಾಗಿ ಎಸೆದಿದ್ದಾಳೆ ಎಂದಷ್ಟೇ ತಿಳಿದ. ಈ ಹೆಸರು ನನ್ನ ಕಣ್ಣಿಗೆ ಬೀಳಬಾರದು ಎಂದ ಆ ಹೆಂಗಸಿನ ಮಾತು ಅವನ ಕಿವಿಯಲ್ಲಿತ್ತು. ನನಗೂ ಅದೇ ಆಯಿತು ಎಂದುಕೊಂಡ. ಅವಳಾದರೂ ಎಷ್ಟು ದಿನ ಕಾಯುತ್ತಾಳೆ, ತಪ್ಪು ಅವಳದಲ್ಲ ಎಂದೂ ಅಂದ. ಇದು ಯಾರದಪ್ಪಾ ಎಂದು ಹೆಂಗಸರು ಕೇಳಿದರು. ಯಾರಿಗೂ ಬೇಡವಾದದ್ದು ಎಂದು ಹೇಳಿ, ಕೊಡವನ್ನು ತಿರುಗಿ ಬಾವಿಗೆ ಬಿಟ್ಟು, ಗರಡಿ ಹೆಗಲಿಗೆ ಹಾಕಿಕೊಂಡು ಹೊಲದ ಹಾದಿ ಹಿಡಿದ.

ಬಾಗಿಲ ಹಿಂದೆ ನಿಂತವಳಿಗೆ ಹೆಜ್ಜೆಯ ಸದ್ದು ಬರಲಿಲ್ಲ, ನೀರಿಗೆ ಕೊಡ ಬಿದ್ದ ಸದ್ದು ಬಂತು. ಓಡಿ ಬಂದಳು. ಕಟ್ಟೆಯ ಮೇಲೆ ಹಗ್ಗದ ಒದ್ದೆ ಇತ್ತು. ಇಬ್ಬರು ಹೆಂಗಸರು ನಡೆದದ್ದನ್ನು ಹೇಳಿದರು: ಹೆಸರು ಓದಿದ, ಬೇಡವಾದದ್ದು ಎಂದ, ಎಸೆದು ಹೋದ. ಹೊಲದ ತುದಿಯಲ್ಲಿ ಅವನ ತಲೆವಸ್ತ್ರ ಇನ್ನೂ ಕಾಣುತ್ತಿತ್ತು. ಕೂಗಿದ್ದರೆ ಕೇಳುತ್ತಿತ್ತು. ಬೇಡ ಎಂದವನನ್ನು ಏನೆಂದು ಕೂಗಲಿ ಎಂದು ಅವಳು ಕೂಗಲಿಲ್ಲ. ಮನೆಗೆ ಬಂದು ಮಣೆ ಎತ್ತಿ ಗೋಡೆಗೆ ನಿಲ್ಲಿಸಿದಳು.

ಕೆಲಸವೇ? ಕೆಲಸ ಸಿಕ್ಕಿತು. ಹದಿನೈದು ದಿನದ ಒಳಗೆ ಸಿಕ್ಕಿತು. ಮೊದಲ ಕೊಡ ಪಡೆದ ಆ ದೊಡ್ಡ ರೈತ ಅವನನ್ನು ಹುಡುಕಿಸಿ ಕರೆಸಿದ. ಯಾರೂ ನೋಡದ ಬಾವಿಯ ತಳದಲ್ಲಿ ಸಿಕ್ಕಿದ್ದನ್ನೂ ತಂದುಕೊಡುವವನ ಕೈಗೆ ನನ್ನ ಉಗ್ರಾಣ ಕೊಡುತ್ತೇನೆ ಎಂದು ಬೀಗದ ಕೈ ಕೊಟ್ಟ. ದಿನವೂ ಆಳುಗಳಿಗೆ ಕಾಳು ಅಳೆದು ಹಾಕುವುದು ಅವನ ಪಾಲಿಗೆ ಬಂತು. ಹಳೆಯ ಕೊಳಗ ಹೊರಗೆ ತೆಗೆದ. ಕೆಲಸ ಸಿಕ್ಕ ದಿನ ಹೋಗಿ ಅವಳನ್ನು ಕರೆತರಬೇಕಾಗಿತ್ತು. ಆ ದಿನ ಬಂತು, ಅವನು ಹೋಗಲಿಲ್ಲ. ಬೆಳಗಾದರೆ ಲಾಭ, ಎರಡು, ಮೂರು. ಸಂಜೆಯಾದರೆ ಒಂದೇ ಒಲೆ, ಒಂದೇ ತಟ್ಟೆ. ಅತ್ತ ಅವಳು ದಿನವೂ ಅದೇ ಬಾವಿಯಲ್ಲಿ ಮಣ್ಣಿನ ಕೊಡ ಇಳಿಸಿ ನೀರು ಸೇದುತ್ತಿದ್ದಳು. ಇಬ್ಬರ ಹೆಸರೂ ಅವಳ ಕೊಡದ ಕೆಳಗೆ ತಳದಲ್ಲಿ ಇದ್ದವು. ತೆಗೆಯಬೇಕೆಂದರೆ ಆ ಊರಲ್ಲಿ ಗರಡಿ ಇರಲಿಲ್ಲ. ಹಾಗೆಯೇ ಇಬ್ಬರಿಗೂ ವಯಸ್ಸಾಯಿತು.

ಅಜ್ಜಾರು ಅಲ್ಲಿಗೆ ನಿಲ್ಲಿಸಿ ಮತ್ತೊಂದು ಹುಣಸೆಹಣ್ಣು ಕೈಗೆ ತೆಗೆದುಕೊಂಡರು. ಶಿವಪುತ್ರ ಮುಂದಿನ ಮಾತಿಗೆ ಕಾದ. ಮುಂದೆ ಏನೂ ಇಲ್ಲ ಎಂದು ತಿಳಿದಾಗ ಅವನಿಗೆ ಸಿಟ್ಟು ಬಂತು. ಅಡಿವೆಪ್ಪ ಎದುರಿಗೆ ಇದ್ದಿದ್ದರೆ ಅಂಗಿ ಹಿಡಿದು ಜಗ್ಗುತ್ತಿದ್ದನೇನೋ. ಹಗ್ಗವನ್ನು ಕೈಗೆ ಬಿಗಿಯಾಗಿ ಸುತ್ತಿಕೊಂಡು ಹೇಳಿದ:

"ಎಂಥ ಮನುಷ್ಯ ಅಜ್ಜಾರೇ ಅವನು? ಕೊಡ ಕೈಯಲ್ಲೇ ಇತ್ತು, ಅವಳ ಮನೆ ಎಂಟು ಮನೆಯ ಆಚೆ ಇತ್ತು, ಹೋಗಿ ಒಂದು ಮಾತು ಕೇಳಬಾರದಿತ್ತೇ? ಬೇಡ ಎಂದು ಎಸೆಯುವ ಕೊಡವನ್ನು ಯಾರಾದರೂ ಹುಣಸೆ ಹಚ್ಚಿ ಬೆಳಗುತ್ತಾರೆಯೇ?"

ಅಜ್ಜಾರು ಕೈಯಲ್ಲಿದ್ದ ಬೀಜವನ್ನು ಕೆಳಗೆ ಹಾಕಿ, ಅಂದು ಮೊದಲ ಸಲ ಅವನ ಮುಖ ನೋಡಿದರು.

"ಬೇಡವಾದವನಿಗೆ ಯಾರಾದರೂ ಮೂರು ಕಾಗದ ಬರೆಯುತ್ತಾರೇನಪ್ಪಾ?"